ಹಲ್ಲಸಂದಿಯ ಕಪ್ಪು: ಒಂದು ಹಳೆಯ ದೂರಿನ ಚರಿತ್ರೆ

‘ಹಲ್ಲು ಕ್ಲೀನ್ ಮಾಡಿಸೋಕೆ ಹೋಗಬೇಡ, ಸಂದಿ ಬೀಳುತ್ತೆ’ ಎಂಬ ಮಾತು ಕೇಳದ ಮನೆ ನಮ್ಮಲ್ಲಿ ಕಡಿಮೆ. ಹೇಳುವವರ ಬಳಿ ಸಾಕ್ಷಿಯೂ ಇರುತ್ತದೆ. ಮೊದಲು ಹಲ್ಲುಗಳು ಒತ್ತೊತ್ತಾಗಿ, ಗಟ್ಟಿಯಾಗಿ ನಿಂತಿದ್ದವು. ಡಾಕ್ಟರು ಮಿಷನ್ ಹಿಡಿದು ಕೆರೆದರು. ಮನೆಗೆ ಬಂದು ಕನ್ನಡಿ ನೋಡಿದರೆ ವಸಡಿನ ಹತ್ತಿರ ಎರಡು ಹಲ್ಲುಗಳ ನಡುವೆ ಕಪ್ಪು ಕಿಂಡಿ. ನೀರು ಕುಡಿದರೆ ಜುಮ್ಮೆನ್ನುತ್ತದೆ, ಅನ್ನದ ಅಗುಳು ಹೋಗಿ ಕೂರುತ್ತದೆ, ನಕ್ಕರೆ ಕಾಣಿಸುತ್ತದೆ. ಇಷ್ಟೆಲ್ಲ ಕಣ್ಣಾರೆ ಕಂಡವರಿಗೆ ‘ಅದು ಮೂಢನಂಬಿಕೆ’ ಎಂದು ಹೇಳಿದರೆ ಅವರು ನಂಬಬೇಕಾದರೂ ಯಾಕೆ? ಕಂಡದ್ದು ಸುಳ್ಳಲ್ಲ. ಕಂಡದ್ದಕ್ಕೆ ಕೊಡುವ ಕಾರಣ ಮಾತ್ರ ತಲೆಕೆಳಗಾಗಿದೆ. ಅದನ್ನು ನೆಟ್ಟಗೆ ನಿಲ್ಲಿಸಲು ವೈದ್ಯಕ್ಕೂ ಬಹಳ ಕಾಲ ಹಿಡಿಯಿತು ಎಂಬುದೇ ಈ ಬರಹದ ವಿಷಯ.

ಮೊದಲು ಆ ಕಿಂಡಿ ಏನೆಂದು ನೋಡೋಣ. ಎರಡು ಹಲ್ಲುಗಳು ಪಕ್ಕಪಕ್ಕದಲ್ಲಿ ನಿಂತಾಗ ಅವು ಮೇಲಿನಿಂದ ಕೆಳಗಿನವರೆಗೂ ಅಂಟಿಕೊಂಡಿರುವುದಿಲ್ಲ. ಒಂದು ಬಿಂದುವಿನಲ್ಲಿ ಮಾತ್ರ ಮುಟ್ಟಿಕೊಂಡು, ಬೇರಿನ ಕಡೆ ಇಳಿಯುತ್ತ ದೂರ ಸರಿಯುತ್ತವೆ. ಹೀಗೆ ಉಂಟಾಗುವ ತ್ರಿಕೋನದ ಜಾಗವನ್ನು ವಸಡಿನ ಒಂದು ಮೊನೆ ತುಂಬಿಕೊಂಡಿರುತ್ತದೆ. ಆ ಮೊನೆಯನ್ನು ಎತ್ತಿ ಹಿಡಿದಿರುವುದು ಒಳಗಿನ ದವಡೆಯ ಎಲುಬು. ಎಲುಬು ಕರಗಿದರೆ ವಸಡು ಇಳಿಯುತ್ತದೆ, ವಸಡು ಇಳಿದರೆ ತ್ರಿಕೋನ ಖಾಲಿಯಾಗುತ್ತದೆ. ಬಾಯಿಯ ಒಳಗಿನ ಕತ್ತಲು ಅಲ್ಲಿಂದ ಇಣುಕುವುದರಿಂದ ಅದು ಕಪ್ಪಾಗಿ ಕಾಣುತ್ತದೆ. ದಂತವೈದ್ಯರು ಇದನ್ನು ಕರೆಯುವುದೂ ‘ಬ್ಲ್ಯಾಕ್ ಟ್ರಯಾಂಗಲ್’ ಎಂದೇ. ಹುಟ್ಟಿನಿಂದಲೇ ಮುಂದಿನ ಹಲ್ಲುಗಳ ನಡುವೆ ಇರುವ ಬಿರುಕು, ಅಂದರೆ ನಮ್ಮಲ್ಲಿ ಅದೃಷ್ಟದ ಗುರುತು ಎನ್ನುವ ಸಂದು, ಬೇರೆ ಸಂಗತಿ. ಅದು ಹಲ್ಲಿನ ಜಾಗದ ಲೆಕ್ಕ. ಇದು ವಸಡು ಮತ್ತು ಎಲುಬಿನ ಲೆಕ್ಕ.

ಇತಿಹಾಸ ಓದುವವರಿಗೆ ಹಲ್ಲು ಒಂದು ವಿಚಿತ್ರ ದಾಖಲೆ. ಓಲೆಗರಿ ಗೆದ್ದಲು ಹಿಡಿಯುತ್ತದೆ, ಶಾಸನ ಒಡೆಯುತ್ತದೆ, ದೇಹ ಮಣ್ಣಾಗುತ್ತದೆ, ಹಲ್ಲು ಉಳಿಯುತ್ತದೆ. ಅರಸರದ್ದೂ ಉಳಿಯುತ್ತದೆ, ಅವರ ಹೊಲ ಉತ್ತವರದ್ದೂ ಉಳಿಯುತ್ತದೆ. ಹೆಸರು ಬರೆಸಿಕೊಳ್ಳಲಾಗದವರ ಚರಿತ್ರೆ ಬರೆಯಲು ಹೊರಟವರಿಗೆ ಇಷ್ಟು ಸಮಾನವಾದ ದಾಖಲೆ ಇನ್ನೊಂದು ಸಿಗುವುದು ಕಷ್ಟ.

ಜಾರ್ಜಿಯಾ ದೇಶದ ದ್ಮಾನಿಸಿ ಎಂಬಲ್ಲಿ ಸುಮಾರು 18 ಲಕ್ಷ ವರ್ಷ ಹಿಂದಿನ ಆದಿಮಾನವರ ದವಡೆಗಳು ಸಿಕ್ಕಿವೆ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಅವುಗಳಲ್ಲಿ ಹಲ್ಲುಸಂದಿಯ ಬುಡದಲ್ಲಿ ಕಡ್ಡಿ ಆಡಿಸಿದಂತಹ ಗೀರನ್ನೂ, ಅದರ ಪಕ್ಕದಲ್ಲೇ ವಸಡಿನ ಉರಿಯೂತ ಎಲುಬಿನ ಮೇಲೆ ಬಿಟ್ಟ ಗುರುತನ್ನೂ ವಿವರಿಸಿತು. ಕ್ರೊಯೇಷಿಯಾದ ಕ್ರಾಪಿನಾ ಗುಹೆಯಲ್ಲಿ ಸಿಕ್ಕ, ಸುಮಾರು 1,30,000 ವರ್ಷ ಹಳೆಯ ನಿಯಾಂಡರ್ತಾಲ್ ಹಲ್ಲುಗಳಲ್ಲೂ ಇಂಥ ಗೀರುಗಳಿವೆ. ಅಲ್ಲಿ ಸೊಟ್ಟಗೆ ಬೆಳೆದ ಹಲ್ಲೊಂದರ ಸುತ್ತ ಅವು ಹೆಚ್ಚು. ನೋವಿದ್ದ ಕಡೆಗೇ ಕೈ ಹೋಗಿದೆ. ಗೀರು ಇರುವ ಜಾಗ ಗಮನಿಸಿ: ಹಲ್ಲಿನ ತಲೆಯಲ್ಲಲ್ಲ, ಬೇರು ಶುರುವಾಗುವ ಕಡೆ. ವಸಡು ಇಳಿದು ಬೇರು ತೆರೆದುಕೊಂಡಿದ್ದರೆ ಮಾತ್ರ ಕಡ್ಡಿ ಸರಾಗವಾಗಿ ಅಲ್ಲಿಗೆ ತಲುಪುತ್ತದೆ.

ಆದರೆ ಈ ಸಾಕ್ಷ್ಯವನ್ನು ಎಚ್ಚರದಿಂದ ಓದಬೇಕು. ಕಾಡಿನಲ್ಲಿ ಬದುಕುವ ವಾನರಗಳ ಹಲ್ಲುಗಳನ್ನು ಪರೀಕ್ಷಿಸಿದ ಇತ್ತೀಚಿನ ಸಂಶೋಧನೆ, ಕಡ್ಡಿಯನ್ನೇ ಹಿಡಿಯದ ಜೀವಿಗಳಲ್ಲೂ ಹೋಲುವ ಗೀರುಗಳು ಬೀಳಬಹುದೆಂದು ತೋರಿಸಿದೆ. ಆಹಾರದ ಜೊತೆ ಬರುವ ಮರಳು, ಗಟ್ಟಿ ನಾರು, ಹುಳಿಹಣ್ಣು ಕೂಡ ಬೇರನ್ನು ಸವೆಸಬಲ್ಲವು. ಆದ್ದರಿಂದ ಪ್ರತಿ ಗೀರನ್ನೂ ‘ಮೊದಲ ಹಲ್ಲುಕಡ್ಡಿ’ ಎಂದು ಕೊಂಡಾಡುವಂತಿಲ್ಲ. ಇಷ್ಟಂತೂ ಹೇಳಬಹುದು: ಬರವಣಿಗೆ, ಬೇಸಾಯ, ಬೆಂಕಿಯ ಒಲೆ ಇವೆಲ್ಲಕ್ಕಿಂತ ವಸಡಿನ ಸಂದಿ ಹಳೆಯದು.

ಬರವಣಿಗೆ ಬಂದ ಮೇಲೆ ಈ ಸಂದಿಯ ಬಗ್ಗೆ ಅತ್ಯಂತ ಸೂಕ್ಷ್ಮವಾಗಿ ಬರೆದವರಲ್ಲಿ ನಮ್ಮ ವೈದ್ಯ ಗ್ರಂಥಕಾರರೂ ಇದ್ದಾರೆ. ಚರಕಸಂಹಿತೆ ದಿನಕ್ಕೆ ಎರಡು ಹೊತ್ತು, ತುದಿ ಜಜ್ಜಿದ ಕಡ್ಡಿಯಿಂದ ಹಲ್ಲುಜ್ಜಬೇಕೆಂದು ಹೇಳುತ್ತದೆ. ಕಡ್ಡಿ ಒಗರು, ಖಾರ ಅಥವಾ ಕಹಿ ರುಚಿಯದ್ದಾಗಿರಬೇಕು. ಸುಶ್ರುತಸಂಹಿತೆ ಅಳತೆಯನ್ನೂ ಕೊಡುತ್ತದೆ: ಹನ್ನೆರಡು ಅಂಗುಲ ಉದ್ದ, ಕಿರುಬೆರಳಿನಷ್ಟು ದಪ್ಪ, ನೇರವಾಗಿರಬೇಕು, ಗಂಟಿರಬಾರದು. ಕಹಿಯಲ್ಲಿ ಬೇವು, ಒಗರಿನಲ್ಲಿ ಕಗ್ಗಲಿ, ಸಿಹಿಯಲ್ಲಿ ಇಪ್ಪೆ, ಖಾರದಲ್ಲಿ ಹೊಂಗೆ ಶ್ರೇಷ್ಠ. ಇವೆಲ್ಲ ಈಗಲೂ ನಮ್ಮ ಹೊಲದ ಬದುವಿನಲ್ಲಿ ಸಿಗುವ ಮರಗಳು. ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುವುದು ಎರಡೂ ಗ್ರಂಥಗಳು ತಪ್ಪದೆ ಸೇರಿಸುವ ಒಂದು ಷರತ್ತು: ಉಜ್ಜುವಾಗ ವಸಡಿಗೆ ನೋವಾಗಬಾರದು. ಸುಶ್ರುತ ಇನ್ನೂ ಮುಂದೆ ಹೋಗಿ, ಮೆತ್ತನೆಯ ಕುಂಚದಿಂದ ಒಂದೊಂದೇ ಹಲ್ಲನ್ನು ಉಜ್ಜಬೇಕು ಎನ್ನುತ್ತಾನೆ. ಗಟ್ಟಿ ಬ್ರಷ್ ಹಿಡಿದು ಪಾತ್ರೆ ತಿಕ್ಕಿದಂತೆ ತಿಕ್ಕುವ ನಮಗೆ ಇಂದಿನ ದಂತವೈದ್ಯರು ಹೇಳುವುದೂ ಇದನ್ನೇ. ಒರಟಾಗಿ ಉಜ್ಜಿದರೂ ವಸಡು ಇಳಿಯುತ್ತದೆ.

ರೋಗದ ವಿಷಯಕ್ಕೆ ಬಂದರೆ ಸುಶ್ರುತಸಂಹಿತೆ ಬಾಯಿಯ ರೋಗಗಳನ್ನು 65 ಎಂದು ಎಣಿಸುತ್ತದೆ. ಅವುಗಳಲ್ಲಿ ಹಲ್ಲಿನವು 8, ವಸಡಿನವು 15. ಹಲ್ಲಿಗಿಂತ ಅದು ನಿಂತ ನೆಲಕ್ಕೇ ಹೆಚ್ಚು ರೋಗ ಎಂಬುದನ್ನು ಆ ಲೆಕ್ಕವೇ ಹೇಳುತ್ತದೆ. ಕಾರಣವಿಲ್ಲದೆ ರಕ್ತ ಒಸರುವುದು, ವಸಡು ಕಪ್ಪಾಗಿ ಮೆತ್ತಗಾಗಿ ದುರ್ವಾಸನೆ ಹಿಡಿದು ಕಳಚುತ್ತ ಹೋಗುವುದು ‘ಶೀತಾದ’. ಕೀವು ರಕ್ತ ಸುರಿದು ಹಲ್ಲು ಅಲುಗಾಡುವುದು ‘ದಂತವೇಷ್ಟ’. ಇವುಗಳಿಗೆ ರಕ್ತ ತೆಗೆಯುವುದು, ಶುಂಠಿ ಸಾಸಿವೆ ತ್ರಿಫಲೆಗಳ ಕಷಾಯದಿಂದ ಬಾಯಿ ಮುಕ್ಕಳಿಸುವುದು ಮುಂತಾದ ಚಿಕಿತ್ಸೆಗಳಿವೆ. ಇನ್ನೊಂದು ಕಡೆ ‘ದಂತಶರ್ಕರಾ’ ಬರುತ್ತದೆ. ಹಲ್ಲಿಗೆ ಕೂತ ಕೊಳೆ ಸಕ್ಕರೆಯ ಹರಳಿನಂತೆ ಗಟ್ಟಿಯಾಗುವುದು, ನಾವು ಹಲ್ಲಿನ ಕಿಟ್ಟ ಅಥವಾ ಗಾರೆ ಎನ್ನುವುದು. ಅದಕ್ಕೆ ಮದ್ದಿಲ್ಲ, ಶಸ್ತ್ರದಿಂದ ಕೆರೆದು ತೆಗೆಯಬೇಕು, ಆದರೆ ಹಲ್ಲಿನ ಬುಡಕ್ಕೆ ಪೆಟ್ಟಾಗದಂತೆ ತೆಗೆಯಬೇಕು, ಆಮೇಲೆ ಅರಗಿನ ಪುಡಿಯನ್ನು ಜೇನಿನಲ್ಲಿ ಕಲಸಿ ಹಚ್ಚಬೇಕು. ಹಲ್ಲು ಕ್ಲೀನಿಂಗ್ ಎಂಬುದು ಈಚಿನ ಪೇಟೆಯ ಆಸ್ಪತ್ರೆಗಳು ದುಡ್ಡಿಗಾಗಿ ಕಂಡುಹಿಡಿದ ಉಪಾಯವೆಂದು ನಂಬುವವರು ಈ ಮಾತನ್ನು ನೆನಪಿಟ್ಟುಕೊಳ್ಳಬೇಕು.

ಆದರೆ ಒಂದು ಕೊಂಡಿ ಇಲ್ಲಿ ಇನ್ನೂ ಕೂಡಿಕೊಂಡಿಲ್ಲ. ಸುಶ್ರುತನ ವರ್ಗೀಕರಣದಲ್ಲಿ ಗಾರೆ ಹಲ್ಲಿನ ರೋಗಗಳ ಪಟ್ಟಿಯಲ್ಲಿದೆ, ವಸಡಿನ ರಕ್ತಸ್ರಾವ ವಸಡಿನ ಪಟ್ಟಿಯಲ್ಲಿದೆ. ವಸಡಿನ ರೋಗಕ್ಕೆ ಕಾರಣವಾಗಿ ಕಾಣುವುದು ಕಫ, ರಕ್ತ ಮುಂತಾದವುಗಳ ಕೆಡುಕು. ಎರಡೂ ಅಕ್ಕಪಕ್ಕದಲ್ಲೇ ಇವೆ, ಆದರೆ ಒಂದು ಇನ್ನೊಂದರ ತಾಯಿ ಎಂದು ಹೇಳಿಲ್ಲ.

ಏಳನೆಯ ಶತಮಾನದ ಕೊನೆಗೆ ಭಾರತಕ್ಕೆ ಬಂದು ನಾಲಂದದಲ್ಲಿ ವರ್ಷಗಟ್ಟಲೆ ಇದ್ದ ಚೀನೀ ಭಿಕ್ಷು ಇತ್ಸಿಂಗ್, ಇಲ್ಲಿನ ಹಲ್ಲುಕಡ್ಡಿಯ ಬಗ್ಗೆ ತನ್ನ ಗ್ರಂಥದಲ್ಲಿ ಬಿಡಿಸಿ ಬರೆದ. ಅವನ ಅಳತೆಯೂ ಹನ್ನೆರಡು ಬೆರಳು. ಒಂದು ತುದಿಯನ್ನು ನಿಧಾನವಾಗಿ ಜಗಿದು ಉಜ್ಜುವುದು, ಬಳಿಕ ಕಡ್ಡಿಯನ್ನು ಸೀಳಿ ನಾಲಗೆ ಕೆರೆಯುವುದು, ಎಲ್ಲವನ್ನೂ ಕಂಡು ಬರೆದಿದ್ದಾನೆ. ಈ ಅಭ್ಯಾಸದಿಂದಾಗಿ ಭಾರತದಲ್ಲಿ ಹಲ್ಲುನೋವು ತೀರಾ ಅಪರೂಪ ಎಂಬುದು ಅವನ ಅಭಿಪ್ರಾಯ. ವಿಹಾರದ ಶಿಸ್ತಿನಲ್ಲಿ ಬದುಕುವ ಭಿಕ್ಷುಗಳನ್ನು ಕಂಡು ಬರೆದ ಮಾತನ್ನು ಇಡೀ ದೇಶಕ್ಕೆ ಅನ್ವಯಿಸಲಾಗದು. ಆದರೂ ಒಂದು ನಾಗರಿಕತೆ ಇನ್ನೊಂದರಿಂದ ಕಲಿಯಬೇಕೆಂದುಕೊಂಡ ವಿದ್ಯೆಗಳಲ್ಲಿ ತತ್ತ್ವಶಾಸ್ತ್ರದ ಜೊತೆ ಹಲ್ಲುಜ್ಜುವುದೂ ಇತ್ತು.

ಗಾರೆಗೂ ವಸಡಿಗೂ ನಂಟು ಕಟ್ಟಿದವರಲ್ಲಿ ಎದ್ದು ಕಾಣುವವನು ಹತ್ತನೆಯ ಶತಮಾನದ ಕೊರ್ಡೊಬಾದ ವೈದ್ಯ ಅಲ್-ಜಹ್ರಾವಿ. ಹಲ್ಲಿನ ಒಳಬದಿ, ಹೊರಬದಿ ಮತ್ತು ವಸಡಿನ ನಡುವೆ ಒರಟಾದ ಹಕ್ಕಳೆ ಕಟ್ಟಿ ಹಲ್ಲು ಬಣ್ಣಗೆಡುತ್ತದೆ, ಕೊಳೆ ವಸಡಿಗೂ ಹರಡುತ್ತದೆ ಎಂದು ಅವನು ಬರೆದ. ಅದನ್ನು ಕೆರೆಯಲು ಹದಿನಾಲ್ಕು ಬಗೆಯ ಉಪಕರಣಗಳ ಚಿತ್ರವನ್ನೂ ಕೊಟ್ಟ. ಹದಿನಾಲ್ಕು ಏಕೆಂದರೆ ಮುಂದಿನ ಹಲ್ಲಿಗೆ ಹೊಂದುವುದು ಹಿಂದಿನದಕ್ಕೆ ಹೊಂದದು, ಹೊರಗಿನಿಂದ ಕೆರೆಯುವುದು ಸಂದಿಗೆ ಹೋಗದು. ಒಂದು ದಿನದಲ್ಲಿ ಮುಗಿಯದಿದ್ದರೆ ಮರುದಿನ, ಅದರ ಮರುದಿನ ಕೆರೆಯಬೇಕು. ಇಂದಿಗೂ ದಂತವೈದ್ಯರ ತಟ್ಟೆಯಲ್ಲಿ ಬೇರೆ ಬೇರೆ ಕೊಕ್ಕಿನ ಉಪಕರಣಗಳು ಸಾಲಾಗಿ ಕೂತಿರುತ್ತವೆ.

ಇದೇ ಸ್ಪೇನಿನಲ್ಲಿ, ಐದಾರು ಶತಮಾನದ ನಂತರ, ಹಲ್ಲುಕಡ್ಡಿಗೆ ಬೇರೆಯೇ ಅರ್ಥ ಬಂತು. 1554ರಲ್ಲಿ ಲೇಖಕರ ಹೆಸರಿಲ್ಲದೆ ಪ್ರಕಟವಾದ ‘ಲಾಸರಿಯೊ ದೆ ತೋರ್ಮೆಸ್’ ಕಾದಂಬರಿಯಲ್ಲಿ ಒಬ್ಬ ದರಿದ್ರ ಕುಲೀನನಿದ್ದಾನೆ. ಮನೆಯಲ್ಲಿ ಉಣ್ಣಲು ಏನೂ ಇಲ್ಲ. ಆದರೂ ಬಾಗಿಲಿಗೆ ಬಂದು, ಹುಲ್ಲುಕಡ್ಡಿಯಿಂದ ಏನೂ ಸಿಕ್ಕಿಕೊಳ್ಳದ ಹಲ್ಲನ್ನು ಕೆದಕುತ್ತ ನಿಲ್ಲುತ್ತಾನೆ. ಉಂಡಿದ್ದಾನೆಂದು ಬೀದಿ ತಿಳಿಯಬೇಕು. ಹಲ್ಲುಸಂದಿಯೂ ಮರ್ಯಾದೆಯ ಸಂಗತಿ ಎಂಬುದನ್ನು ಸಾಹಿತ್ಯ ಹಿಡಿದಿಟ್ಟ ಬಗೆ ಇದು. ನಮ್ಮಲ್ಲಿ ‘ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ’ ಎನ್ನುವ ಗಾದೆಯೂ ಬಡತನ ಮತ್ತು ಮುಪ್ಪನ್ನು ಒಂದೇ ಬಾಯಿಯಲ್ಲಿ ಕೂರಿಸುತ್ತದೆ. ಬಸವಣ್ಣನವರ ಪ್ರಸಿದ್ಧ ವಚನವೊಂದು ಮುಪ್ಪಿನ ಗುರುತುಗಳನ್ನು ಎಣಿಸುವಾಗ ಹಲ್ಲು ಹೋಗುವುದನ್ನೂ ಸೇರಿಸುತ್ತದೆ. ಹಲ್ಲು ಬಿದ್ದದ್ದು ರೋಗದಿಂದ ಎಂದಲ್ಲ, ವಯಸ್ಸಿನಿಂದ ಎಂದೇ ಲೋಕ ತಿಳಿದಿತ್ತು. ಆ ತಿಳಿವಳಿಕೆ ಬಹಳ ಗಟ್ಟಿಯಾದದ್ದು.

ಅದನ್ನು ಅಲುಗಿಸಲು ಕಾರಣವಾದ ಪತ್ರವೊಂದು 1683ರ ಸೆಪ್ಟೆಂಬರ್ 17ರಂದು ಹಾಲೆಂಡಿನ ಡೆಲ್ಫ್ಟ್ ಊರಿನಿಂದ ಲಂಡನ್ನಿನ ರಾಯಲ್ ಸೊಸೈಟಿಗೆ ಹೋಯಿತು. ಬರೆದವನು ಬಟ್ಟೆ ವ್ಯಾಪಾರಿ, ತಾನೇ ಗಾಜು ಉಜ್ಜಿ ಸೂಕ್ಷ್ಮದರ್ಶಕ ಮಾಡಿಕೊಳ್ಳುತ್ತಿದ್ದ ಆಂಟನಿ ಫಾನ್ ಲೇವನ್‌ಹುಕ್. ದಿನವೂ ಬೆಳಿಗ್ಗೆ ಉಪ್ಪಿನಿಂದ ಹಲ್ಲು ತಿಕ್ಕುತ್ತೇನೆ, ಉಂಡ ಮೇಲೆ ಕಡ್ಡಿಯಿಂದ ಸಂದಿ ತೆಗೆಯುತ್ತೇನೆ, ಬಟ್ಟೆಯಿಂದ ಒರೆಸುತ್ತೇನೆ, ನನ್ನ ವಯಸ್ಸಿನವರಲ್ಲಿ ಇಷ್ಟು ಸ್ವಚ್ಛ ಹಲ್ಲು ಅಪರೂಪ ಎಂದು ಅವನು ಹೇಳಿಕೊಂಡ. ಅಷ್ಟಾದರೂ ಹಲ್ಲುಗಳ ನಡುವೆ ಹಿಟ್ಟು ಕಲಸಿದಂತಹ ಬಿಳಿಯ ಪದಾರ್ಥ ಉಳಿಯುತ್ತಿತ್ತು. ಅದನ್ನು ಮಳೆನೀರಿನಲ್ಲಿ ಕಲಸಿ ನೋಡಿದರೆ ಒಳಗೆ ಪುಟ್ಟ ಜೀವಿಗಳು ಈಜಾಡುತ್ತಿದ್ದವು. ಜಗತ್ತಿನಲ್ಲಿ ಬ್ಯಾಕ್ಟೀರಿಯಾಗಳನ್ನು ಕಂಡ ಮೊದಲ ದಾಖಲೆಗಳಲ್ಲಿ ಒಂದು ಹುಟ್ಟಿದ್ದು ಹೀಗೆ, ಒಬ್ಬ ವ್ಯಾಪಾರಿಯ ಹಲ್ಲುಸಂದಿಯಲ್ಲಿ. ಆದರೆ ಆ ಜೀವಿಗಳಿಗೂ ರೋಗಕ್ಕೂ ನಂಟಿದೆಯೆಂದು ಲೋಕ ಒಪ್ಪಲು ಇನ್ನೂ ಇನ್ನೂರು ವರ್ಷ ಬೇಕಾಯಿತು.

1728ರಲ್ಲಿ ಪ್ಯಾರಿಸ್ಸಿನ ಪಿಯರ್ ಫೋಶಾರ್ ಎರಡು ಸಂಪುಟಗಳಲ್ಲಿ ದಂತವೈದ್ಯದ ದೊಡ್ಡ ಗ್ರಂಥ ಪ್ರಕಟಿಸಿ, ಹಲ್ಲು ಕೀಳುವ ಸಂತೆಯ ಕಸುಬನ್ನು ಒಂದು ಶಾಸ್ತ್ರವನ್ನಾಗಿ ನಿಲ್ಲಿಸಿದ. ಹಲ್ಲಿನೊಳಗೆ ಹುಳುವಿದೆ ಎಂಬ ಹಳೆಯ ನಂಬಿಕೆಯನ್ನು ಅವನು ಒಪ್ಪಲಿಲ್ಲ. 1819ರಲ್ಲಿ ಅಮೆರಿಕದ ಲೀವೈ ಸ್ಪಿಯರ್ ಪಾರ್ಮ್‌ಲಿ ಎಂಬ ದಂತವೈದ್ಯ ತನ್ನ ಪುಸ್ತಕದಲ್ಲಿ, ಬ್ರಷ್ ಮುಟ್ಟದ ಸಂದಿಗೆ ಮೇಣ ಹಚ್ಚಿದ ರೇಷ್ಮೆ ದಾರ ಎಳೆಯಬೇಕೆಂದು ಹೇಳಿದ. ಇಂದಿನ ಫ್ಲಾಸ್‌ನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಅವನಿಂದಲೇ ಶುರು ಮಾಡುತ್ತಾರೆ.

ನಮ್ಮ ಮೊದಲಿನ ದೂರಿಗೆ ನೇರವಾಗಿ ಸಂಬಂಧಿಸಿದವನು ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಊರಿನ ಜಾನ್ ರಿಗ್ಸ್. 1844ರ ಡಿಸೆಂಬರ್ 11ರಂದು ತನ್ನ ಜೊತೆಗಾರ ಹೊರೇಸ್ ವೆಲ್ಸ್ ನಗೆಅನಿಲ ಸೇದಿ ಕೂತಾಗ ಅವನ ಹಲ್ಲು ಕಿತ್ತು, ಅರಿವಳಿಕೆಯ ಚರಿತ್ರೆಯಲ್ಲಿ ಹೆಸರಾದವನೂ ಇವನೇ. ಅವನ ಕಾಲದ ವೈದ್ಯರು ವಸಡಿನಲ್ಲಿ ಕೀವು, ಹಲ್ಲು ಸಡಿಲ ಎಂದರೆ ಒಂದೋ ಹಲ್ಲನ್ನು ಕೀಳುತ್ತಿದ್ದರು, ಇಲ್ಲವೇ ವಸಡನ್ನು ಕತ್ತರಿಸುತ್ತಿದ್ದರು. ರಿಗ್ಸ್ ಎರಡನ್ನೂ ವಿರೋಧಿಸಿದ. ರೋಗದ ಮೂಲ ರಕ್ತದಲ್ಲೋ ವಂಶದಲ್ಲೋ ಇಲ್ಲ, ವಸಡಿನ ಅಡಿಯಲ್ಲಿ ಬೇರಿಗೆ ಕಚ್ಚಿಕೊಂಡ ಗಾರೆಯಲ್ಲಿದೆ. ಅದನ್ನು ಆಳದವರೆಗೆ ಕೆರೆದು ತೆಗೆದರೆ ಹಲ್ಲು ಉಳಿಯುತ್ತದೆ ಎಂದು ವಾದಿಸಿದ. ತನ್ನ ಅನುಭವವನ್ನು 1876ರಲ್ಲಿ ಪ್ರಕಟಿಸಿದ. ರೋಗಕ್ಕೆ ‘ರಿಗ್ಸ್ ಡಿಸೀಸ್’ ಎಂಬ ಹೆಸರೇ ಬಂತು. ಸುಶ್ರುತನ ಎರಡು ಪಟ್ಟಿಗಳು ಇಲ್ಲಿ ಒಂದಾದವು.

ಆದರೆ ಚರಿತ್ರೆ ನೇರ ರಸ್ತೆಯಲ್ಲಿ ನಡೆಯುವುದಿಲ್ಲ. 1910ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಒಂದು ಭಾಷಣ ಮಾಡಿ, ಕೆಟ್ಟ ಹಲ್ಲುಗಳನ್ನು ಉಳಿಸಿ ಚಿನ್ನ ಹೊದಿಸುವುದರಿಂದ ಇಡೀ ದೇಹಕ್ಕೆ ವಿಷ ಹರಡುತ್ತಿದೆ ಎಂದು ಗುಡುಗಿದ. ಅದರ ಬೆನ್ನಿಗೆ ಕೆಲವು ದಶಕ ಕೀಲುನೋವಿಗೂ ಹಲ್ಲು, ಮನೋರೋಗಕ್ಕೂ ಹಲ್ಲು ಎಂದು ಲೆಕ್ಕವಿಲ್ಲದಷ್ಟು ಹಲ್ಲು ಕೀಳಲಾಯಿತು. ರಿಗ್ಸ್ ಉಳಿಸಲು ಕಲಿಸಿದ್ದನ್ನು ಕೀಳುವ ಕೈಗಳು ಮರೆತವು. ಡಾಕ್ಟರರ ಬಳಿ ಹೋದರೆ ಹಲ್ಲೇ ಹೋಗುತ್ತದೆ ಎಂಬ ಭಯಕ್ಕೆ ಹೀಗೆ ವೈದ್ಯವೇ ಗೊಬ್ಬರ ಹಾಕಿತು.

ಅದೇ ದಶಕದಲ್ಲಿ, 1913ರಲ್ಲಿ, ನಂಜನಗೂಡಿನಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆ ಆರಂಭಿಸಿದರು. ಅಲ್ಲಿಂದ ಬಂದ ನಂಜನಗೂಡು ಹಲ್ಲುಪುಡಿ ಮೂರು ನಾಲ್ಕು ತಲೆಮಾರಿನ ಕನ್ನಡಿಗರ ಬೆಳಗಿನ ರುಚಿಯಾಯಿತು. ಬೇವಿನ ಕಡ್ಡಿ, ಇದ್ದಿಲು, ಉಪ್ಪುಗಳ ಜೊತೆಗೆ ಪೊಟ್ಟಣದ ಪುಡಿಯೂ ಬಚ್ಚಲುಮನೆಯ ಗೂಡಿನಲ್ಲಿ ಜಾಗ ಪಡೆಯಿತು. 1920ರಲ್ಲಿ ಕಲ್ಕತ್ತೆಯಲ್ಲಿ ರಫಿಯುದ್ದೀನ್ ಅಹ್ಮದ್ ದೇಶದ ಮೊದಲ ದಂತವೈದ್ಯ ಕಾಲೇಜು ತೆರೆದರು. ಇವೆರಡು ಘಟನೆಗಳ ನಡುವಿನ ಅಂತರ ನಮ್ಮ ಕಥೆಗೆ ಮುಖ್ಯ. ಹಲ್ಲನ್ನು ಬೆಳ್ಳಗೆ ಮಾಡುವ ಪುಡಿ ಹಳ್ಳಿಯ ಅಂಗಡಿಗೂ ತಲುಪಿತು. ಸಂದಿಯ ಗಾರೆ ತೆಗೆಯುವ ಕೈ ತಲುಪಲಿಲ್ಲ. ಪುಡಿಯನ್ನು ಬೆರಳಿನಿಂದ ತಿಕ್ಕಿದರೆ ಹಲ್ಲಿನ ಮುಖ ಹೊಳೆಯುತ್ತದೆ, ಸಂದಿ ಇದ್ದಂತೆಯೇ ಇರುತ್ತದೆ.

ಕೊಳೆಯೇ ಕಾರಣ ಎಂಬ ರಿಗ್ಸ್ ವಾದಕ್ಕೆ ಪ್ರಯೋಗದ ಪುರಾವೆ ಸಿಕ್ಕಿದ್ದು 1965ರಲ್ಲಿ, ಡೆನ್ಮಾರ್ಕಿನ ಆರ್ಹುಸ್‌ನಲ್ಲಿ. ನಾರ್ವೆ ಮೂಲದ ಹೆರಾಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಂತ ವಸಡಿನ 12 ಮಂದಿಯನ್ನು ಆರಿಸಿ, ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಹೆಚ್ಚಿನವರು ದಂತವೈದ್ಯದ ವಿದ್ಯಾರ್ಥಿಗಳು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಉರಿಯೂತಕ್ಕೆ ತುತ್ತಾಯಿತು. ಮತ್ತೆ ಉಜ್ಜತೊಡಗಿದಾಗ ಎಲ್ಲರದ್ದೂ ಮೊದಲಿನಂತಾಯಿತು. ಪ್ರಯೋಗ ಇಷ್ಟು ಸರಳ. ವಸಡಿನಲ್ಲಿ ರಕ್ತ ಬರುವುದಕ್ಕೆ ಕಾರಣ ಹಣೆಬರಹವಲ್ಲ, ವಯಸ್ಸಲ್ಲ, ಹಲ್ಲಿನ ಮೇಲೆ ಕೂತ ಸೂಕ್ಷ್ಮಜೀವಿಗಳ ಪದರ. ಆರಂಭದಲ್ಲಿ ಅದು ಪೂರ್ತಿ ವಾಸಿಯಾಗುತ್ತದೆ.

ಹಾಗಾದರೆ ವರ್ಷಗಟ್ಟಲೆ ಆ ಪದರ ಹಾಗೆಯೇ ಉಳಿದರೆ? ಇದಕ್ಕೆ ಉತ್ತರ ಬೇಕಾದರೆ ಎಂದೂ ದಂತವೈದ್ಯರನ್ನು ಕಾಣದ, ಬ್ರಷ್ ಹಿಡಿಯದ ಜನ ಬೇಕು. ಅಂಥವರನ್ನು ಲೋ ಅವರ ತಂಡ ಕಂಡುಕೊಂಡದ್ದು ಶ್ರೀಲಂಕಾದ ಚಹಾ ತೋಟಗಳಲ್ಲಿ. 1970ರಲ್ಲಿ 480 ಮಂದಿ ತಮಿಳು ಕೂಲಿ ಗಂಡಸರಿಂದ ಶುರುವಾದ ಅಧ್ಯಯನ 1985ರವರೆಗೆ ನಡೆಯಿತು. ಹೋಲಿಕೆಗೆ ಇನ್ನೊಂದು ಗುಂಪು ಇತ್ತು: ನಾರ್ವೆಯ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು. 40ರ ವಯಸ್ಸಿನ ಹತ್ತಿರ ಬರುವಾಗ ನಾರ್ವೆಯವರ ಹಲ್ಲು ಸರಾಸರಿ 1.5 ಮಿಲಿಮೀಟರಿನಷ್ಟು ಆಧಾರ ಕಳೆದುಕೊಂಡಿದ್ದರೆ, ತೋಟದವರದ್ದು ಸುಮಾರು 4.5 ಮಿಲಿಮೀಟರ್.

1986ರಲ್ಲಿ ಪ್ರಕಟವಾದ ಲೇಖನ ಇನ್ನೊಂದು ಅಚ್ಚರಿಯನ್ನು ಮುಂದಿಟ್ಟಿತು. ಎಲ್ಲರ ಬಾಯಲ್ಲೂ ಕೊಳೆ, ಗಾರೆ, ಉರಿಯೂತ ಇದ್ದವು. ಆದರೂ ಶೇಕಡಾ 11ರಷ್ಟು ಜನರಲ್ಲಿ ರೋಗ ಮುಂದುವರಿಯಲೇ ಇಲ್ಲ. ಶೇಕಡಾ 81ರಲ್ಲಿ ನಿಧಾನವಾಗಿ ಬೆಳೆಯಿತು. ಶೇಕಡಾ 8ರಲ್ಲಿ ಓಡೋಡಿ ಬೆಳೆದು, 45ರ ಪ್ರಾಯಕ್ಕೆ ಉಳಿದಿದ್ದ ಹಲ್ಲುಗಳ ಆಧಾರ ಸುಮಾರು 13 ಮಿಲಿಮೀಟರ್ ಕುಸಿದಿತ್ತು. ಅಂದರೆ ಕೊಳೆ ಇಲ್ಲದೆ ರೋಗವಿಲ್ಲ, ಆದರೆ ಒಂದೇ ಕೊಳೆ ಎಲ್ಲರನ್ನೂ ಒಂದೇ ಬಗೆಯಲ್ಲಿ ಕೆಡಿಸುವುದಿಲ್ಲ. ‘ನಮ್ಮಜ್ಜ ಒಂದು ದಿನವೂ ಬ್ರಷ್ ಮುಟ್ಟಲಿಲ್ಲ, ಎಂಬತ್ತಕ್ಕೂ ಕಬ್ಬು ಸಿಗಿಯುತ್ತಿದ್ದರು’ ಎನ್ನುವವರ ಅಜ್ಜ ಆ ಹನ್ನೊಂದರಲ್ಲಿ ಒಬ್ಬರು. ಉಳಿದ ಎಂಬತ್ತೊಂಬತ್ತು ಅಜ್ಜಂದಿರ ಕಥೆಯನ್ನು ಯಾರೂ ಹೇಳುವುದಿಲ್ಲ. ಸಕ್ಕರೆ ಕಾಯಿಲೆ ಮತ್ತು ತಂಬಾಕು ಈ ಓಟಕ್ಕೆ ಇನ್ನಷ್ಟು ವೇಗ ಕೊಡುತ್ತವೆಂದು ಮುಂದಿನ ಸಂಶೋಧನೆಗಳು ಸ್ಪಷ್ಟಪಡಿಸಿದವು.

ಇತಿಹಾಸದ ವಿದ್ಯಾರ್ಥಿಯಾಗಿ ನನ್ನನ್ನು ಕಾಡುವುದು ಆ ಲೇಖನದ ಶೀರ್ಷಿಕೆಯಲ್ಲಿರುವ ಒಂದು ಮಾತು: ರೋಗದ ‘ಸ್ವಾಭಾವಿಕ ಚರಿತ್ರೆ’. ವೈದ್ಯದಲ್ಲಿ ಅದು ರೂಢಿಯ ಪದ; ಚಿಕಿತ್ಸೆ ಇಲ್ಲದೆ ಬಿಟ್ಟರೆ ರೋಗ ಹೇಗೆ ಸಾಗುತ್ತದೆ ಎಂದಷ್ಟೇ ಅರ್ಥ. ಆದರೆ ತೋಟದ ಲೈನುಮನೆಗಳಲ್ಲಿ ಚಿಕಿತ್ಸೆ ಇಲ್ಲದೆ ಇದ್ದದ್ದು ಸ್ವಭಾವವೇ? ಆ ಕಾರ್ಮಿಕರ ಹಿರಿಯರನ್ನು ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಕೂಲಿಗೆಂದು ಕರೆದೊಯ್ದಿದ್ದರು. 1948ರ ಸಿಲೋನ್ ಪೌರತ್ವ ಕಾಯ್ದೆ ಅವರಲ್ಲಿ ಬಹುಪಾಲು ಜನರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದ 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ ಎಂದು ಹಂಚಿತು. ದಂತವೈದ್ಯರು ವಸಡಿನ ಆಳ ಅಳೆಯುತ್ತಿದ್ದ ಅದೇ ವರ್ಷಗಳಲ್ಲಿ ತೋಟಗಳಿಂದ ಲಕ್ಷಾಂತರ ಜನ ಗಂಟುಮೂಟೆ ಕಟ್ಟಿ ಹಡಗು ಹತ್ತಿದರು. ಹಾಗೆ ಬಂದವರಲ್ಲಿ ಒಂದಷ್ಟು ಕುಟುಂಬಗಳು ನಮ್ಮ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ನೆಲೆಯಾದವು. 1970ರಲ್ಲಿ ಪರೀಕ್ಷೆಗೆ ಬಾಯಿ ತೆರೆದ 480 ಮಂದಿಯಲ್ಲಿ 1985ರ ಕೊನೆಯ ಪರೀಕ್ಷೆಗೆ ಸಿಕ್ಕವರು 161.

ಇಂದು ಜಗತ್ತಿನ ಯಾವ ಮೂಲೆಯ ದಂತವೈದ್ಯ ವಿದ್ಯಾರ್ಥಿಯೂ ವಸಡಿನ ರೋಗದ ಪಾಠ ಓದುವಾಗ ಈ ಅಂಕಿಗಳನ್ನು ಓದುತ್ತಾರೆ. ನಾವು ಆರು ತಿಂಗಳಿಗೊಮ್ಮೆ ಹಲ್ಲು ತೋರಿಸಬೇಕೆಂದು ಕೇಳಿಸಿಕೊಳ್ಳುವ ಸಲಹೆಯ ಹಿಂದಿನ ತಿಳಿವಳಿಕೆಯಲ್ಲಿ ಒಂದು ಪಾಲು ಆ ಬಾಯಿಗಳಿಂದ ಬಂದದ್ದು. ಅವರ ಹೆಸರು ಯಾವ ಪಠ್ಯದಲ್ಲೂ ಇಲ್ಲ. ನಾರ್ವೆಯ ಮೇಷ್ಟರಿಗೂ ತೋಟದ ಕೂಲಿಗೂ ನಡುವಿನ ಆ 3 ಮಿಲಿಮೀಟರ್ ವ್ಯತ್ಯಾಸ ಎಲುಬಿನದ್ದು ಮಾತ್ರವಲ್ಲ. ಶಾಲೆ, ಸಂಬಳ, ಆಸ್ಪತ್ರೆ, ಪೌರತ್ವ ಎಲ್ಲವೂ ಅದರಲ್ಲಿ ಸೇರಿವೆ. ಸ್ವಭಾವ ಎಂದು ಕರೆದದ್ದರಲ್ಲಿ ದೊಡ್ಡ ಪಾಲು ಚರಿತ್ರೆಯೇ ಆಗಿತ್ತು.

ಎಲುಬು ಕರಗಿದ ಮೇಲೆ ಸಂದಿಯ ಗತಿಯೇನು? ಇದನ್ನು ಅಳತೆಗೋಲಿನಲ್ಲಿ ಹೇಳಿದವರು ಅಮೆರಿಕದ ಡೆನ್ನಿಸ್ ಟಾರ್ನೋ ಮತ್ತು ಸಂಗಡಿಗರು. 1992ರಲ್ಲಿ ಅವರು 30 ರೋಗಿಗಳ 288 ಸಂದಿಗಳನ್ನು ಅಳೆದರು. ಎರಡು ಹಲ್ಲು ಮುಟ್ಟುವ ಬಿಂದುವಿನಿಂದ ಕೆಳಗಿನ ಎಲುಬಿನ ಅಂಚಿಗೆ 5 ಮಿಲಿಮೀಟರ್ ಅಥವಾ ಕಡಿಮೆ ಇದ್ದ ಕಡೆ ವಸಡಿನ ಮೊನೆ ಹೆಚ್ಚುಕಡಿಮೆ ಯಾವಾಗಲೂ ಸಂದಿಯನ್ನು ತುಂಬಿತ್ತು. 6 ಮಿಲಿಮೀಟರ್ ಆದಾಗ ಶೇಕಡಾ 56ರಷ್ಟು ಕಡೆ ಮಾತ್ರ. 7 ಅಥವಾ ಹೆಚ್ಚಾದಾಗ ಶೇಕಡಾ 27 ಅಥವಾ ಇನ್ನೂ ಕಡಿಮೆ. ಒಂದು ಸಾಸಿವೆ ಕಾಳಿಗಿಂತ ಹೆಚ್ಚಿಲ್ಲದ ಅಂತರ ತುಂಬಿದ ನಗುವಿಗೂ ಕಪ್ಪು ಕಿಂಡಿಗೂ ನಡುವಿನ ಗಡಿ.

ಚಿಕಿತ್ಸೆಯ ತರ್ಕವೆಲ್ಲ ಈ ಅಳತೆಯಲ್ಲೇ ಇದೆ. ಕರಗಿದ ಎಲುಬನ್ನು ಮೇಲೆ ತರುವುದು ಕಷ್ಟ; ಸಂದಿಯ ವಸಡನ್ನು ಶಸ್ತ್ರಚಿಕಿತ್ಸೆಯಿಂದ ಮತ್ತೆ ಕಟ್ಟುವ ವಿಧಾನಗಳಿದ್ದರೂ ಅವುಗಳ ಫಲ ಖಚಿತವಲ್ಲ. ಆದ್ದರಿಂದ ಮುಟ್ಟುವ ಬಿಂದುವನ್ನೇ ಕೆಳಗೆ ತರುತ್ತಾರೆ. ಹಲ್ಲಿನ ಬಣ್ಣದ ಕಾಂಪೊಸಿಟ್ ಅಂಟಿಸಿ ಹಲ್ಲಿನ ಬದಿಯನ್ನು ತುಸು ತುಂಬಿಸುವುದು, ತಂತಿ ಕಟ್ಟಿ ಹಲ್ಲುಗಳನ್ನು ಹತ್ತಿರ ಸರಿಸುವುದು ಇದೇ ಲೆಕ್ಕಕ್ಕೆ. ಹಲ್ಲಿನ ಆಕಾರವೇ ಮೇಲೆ ಅಗಲ, ಬುಡದಲ್ಲಿ ಕಿರಿದು ಇದ್ದವರಿಗೆ, ಅಥವಾ ಒತ್ತಾಗಿ ಸೊಟ್ಟಗಿದ್ದ ಹಲ್ಲನ್ನು ತಂತಿ ಹಾಕಿ ನೇರ ಮಾಡಿಸಿಕೊಂಡವರಿಗೆ ರೋಗವಿಲ್ಲದೆಯೂ ಈ ಕಿಂಡಿ ಕಾಣಬಹುದು. ಅವರಿಗೂ ಇದೇ ದಾರಿ. ಆದರೆ ಯಾವ ಅಲಂಕಾರಕ್ಕೂ ಮೊದಲು ವಸಡಿನ ಉರಿಯೂತ ಅಡಗಿರಬೇಕು. ಹಾಗೂ ತೆರೆದ ಸಂದಿಗೆ ದಿನವೂ ಪುಟ್ಟ ಸಂದಿಬ್ರಷ್ ಆಡಿಸಬೇಕು. ಪಿನ್ನು, ಬೆಂಕಿಕಡ್ಡಿ ಅಲ್ಲ. ಅವು ಗಾಯ ಮಾಡಿ ಸಂದಿಯನ್ನು ಹಿಗ್ಗಿಸುತ್ತವೆ.

ಈಗ ಆ ದೂರಿಗೆ ಉತ್ತರ ಕೊಡಬಹುದು. ಕ್ಲೀನಿಂಗ್‌ಗೆ ಮೊದಲು ಸಂದಿ ತುಂಬಿದಂತೆ ಕಂಡಿತ್ತು, ನಿಜ. ತುಂಬಿದ್ದು ಆರೋಗ್ಯವಂತ ವಸಡಲ್ಲ. ಸಿಮೆಂಟಿನಂತೆ ಕೂತ ಗಾರೆ ಮತ್ತು ಊದಿಕೊಂಡ ವಸಡು. ಅದರ ಹಿಂದೆ ಎಲುಬು ವರ್ಷಗಳಿಂದ ಸದ್ದಿಲ್ಲದೆ ಇಳಿಯುತ್ತಿತ್ತು. ಗಾರೆ ತೆಗೆದಾಗ, ಊತ ಇಳಿದಾಗ, ಮೊದಲೇ ಆಗಿದ್ದ ನಷ್ಟ ಕಣ್ಣಿಗೆ ಬಿತ್ತು. ಹಲ್ಲು ಸಡಿಲ ಅನ್ನಿಸುವುದೂ ಇದಕ್ಕೇ. ಗಾರೆಯೇ ಅವುಗಳನ್ನು ಒಂದಕ್ಕೊಂದು ಕಟ್ಟಿ ಹಿಡಿದಿತ್ತು. ಗೋಡೆಗೆ ಕಟ್ಟಿದ ಗೆದ್ದಲ ಮಣ್ಣು ಕೆರೆದಾಗ ಮರ ಟೊಳ್ಳಾಗಿರುವುದು ಕಂಡರೆ, ಕೆರೆದವನು ಮರ ತಿಂದ ಎನ್ನುವುದಿಲ್ಲವಲ್ಲ. ಆದರೆ ಈ ಮಾತನ್ನು ಕೆರೆಯುವ ಮೊದಲೇ ಹೇಳುವ ಹೊಣೆ ವೈದ್ಯರದ್ದು. ಕೆರೆದ ಮೇಲೆ ಹೇಳಿದರೆ ಅದು ಸಬೂಬಿನಂತೆ ಕೇಳಿಸುತ್ತದೆ, ಮತ್ತು ಒಬ್ಬರ ಬಾಯಿಯಿಂದ ಹೊರಟ ದೂರು ಇಡೀ ಬೀದಿಯನ್ನು ದಂತವೈದ್ಯರಿಂದ ದೂರ ಇಡುತ್ತದೆ.

ಗಾರೆ ಕೆರೆಯಬೇಕು, ಬುಡಕ್ಕೆ ಪೆಟ್ಟಾಗಬಾರದು ಎಂಬ ತಿಳಿವಳಿಕೆ ನಮ್ಮ ನೆಲದಲ್ಲೇ ಬರಹದಲ್ಲಿತ್ತು. ಅದು ಓದುಬಲ್ಲ ಕೆಲವರ ಗ್ರಂಥದಲ್ಲಿ ಉಳಿಯಿತು, ಎಲ್ಲರ ಬಾಯಿಗೆ ಬರಲಿಲ್ಲ. ವಸಡಿನಲ್ಲಿ ರಕ್ತ ಕಂಡ ದಿನವೇ ತೋರಿಸಿದರೆ ಪೂರ್ತಿ ವಾಸಿಯಾಗುತ್ತದೆ ಎಂದು ಆರ್ಹುಸ್‌ನ 12 ಮಂದಿ ತೋರಿಸಿ ಅರವತ್ತು ವರ್ಷವಾಯಿತು. ಹೋಗಿ ತೋರಿಸಲು ರಜೆ, ದುಡ್ಡು, ಹತ್ತಿರದಲ್ಲೊಂದು ಆಸ್ಪತ್ರೆ ಇಲ್ಲದವರಿಗೆ ಆ ತಿಳಿವಳಿಕೆ ಇನ್ನೂ ದೂರದ ಮಾತು. ಮುಂದೊಂದು ಕಾಲದಲ್ಲಿ ನಮ್ಮ ದವಡೆಗಳನ್ನು ಅಗೆದು ನೋಡುವವರು ಎಲುಬಿನ ಅಂಚನ್ನು ಅಳೆದರೆ, ನಮ್ಮ ನಡುವೆ ಯಾರಿಗೆ ಏನು ಸಿಕ್ಕಿತ್ತು, ಯಾರಿಗೆ ಸಿಗಲಿಲ್ಲ ಎಂಬುದನ್ನು ಮಿಲಿಮೀಟರಿನ ಲೆಕ್ಕದಲ್ಲಿ ಓದಿಕೊಳ್ಳುತ್ತಾರೆ.